ಸರ್ಜಿಕಲ್ ಸಿಮ್ಯುಲೇಷನ್ ಅಂದ್ರೆ ಏನು?

ರೋಗಿಯ ದೇಹ, ಗಾಯ, ರಕ್ತಸ್ರಾವ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿ, ವೈದ್ಯರು ಅದರ ಮೇಲೆ ಕೈ ಪಳಗಿಸಿಕೊಳ್ಳುವ ತರಬೇತಿಗೆ ಸರ್ಜಿಕಲ್ ಸಿಮ್ಯುಲೇಷನ್ ಎನ್ನುತ್ತಾರೆ. ನೋಡಿದವರಿಗೆ ವಿಡಿಯೋ ಗೇಮ್ ಅನ್ನಿಸಬಹುದು.

ಅಪೆಂಡಿಕ್ಸ್ ಆಪರೇಷನ್ ಆದರೆ ಹಿರಿಯ ಡಾಕ್ಟರ ಪಕ್ಕ ನಿಂತು, ನೋಡಿ ನೋಡಿ ಕಲಿಯಬಹುದು. ಆದರೆ ಉಸಿರಿನ ದಾರಿ ಮುಚ್ಚಿಹೋಗಿ, ಕುತ್ತಿಗೆಯಲ್ಲೇ ತೂತು ಮಾಡಿ ಕೊಳವೆ ಹಾಕುವ ಸಂದರ್ಭ ವರ್ಷಗಟ್ಟಲೆ ಎದುರಾಗದೇ ಇರಬಹುದು. ಎದುರಾದಾಗ ಕಲಿಸುತ್ತಾ ಕೂರಲು ಪುರುಸೊತ್ತು ಎಲ್ಲಿ?

ಎದೆಗೆ ಕೊಳವೆ ಹಾಕುವುದನ್ನೇ ನೋಡಿ. ಅಪಘಾತದಲ್ಲಿ ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ಗಾಳಿ ತುಂಬಿದರೆ ಉಸಿರು ಕಟ್ಟುತ್ತದೆ. ಆಗ ಕಂಕುಳಿನ ಕೆಳಗೆ, 4ನೇ ಅಥವಾ 5ನೇ ಪಕ್ಕೆಲುಬಿನ ಸಂದಿಯಲ್ಲಿ ದಾರಿ ಮಾಡಬೇಕು. ಪ್ರತಿ ಎಲುಬಿನ ಕೆಳಅಂಚಿನಲ್ಲಿ ರಕ್ತನಾಳ, ನರ ಹಾದುಹೋಗುತ್ತವೆ. ಹಾಗಾಗಿ ಸಂದಿಯ ಕೆಳಗಿರುವ ಎಲುಬಿನ ಮೇಲಂಚನ್ನು ಸವರಿಕೊಂಡೇ ಇಕ್ಕಳ ಒಳಗೆ ಹೋಗಬೇಕು. ಒತ್ತುತ್ತಾ ಹೋದಂತೆ ಒಳಪೊರೆ ತಟ್ಟನೆ ಬಿಟ್ಟುಕೊಡುತ್ತದೆ. ಆ ಕ್ಷಣದಲ್ಲಿ ಕೈ ಹಿಡಿತದಲ್ಲಿ ಇಲ್ಲದಿದ್ದರೆ ಇಕ್ಕಳ ಸೀದಾ ಶ್ವಾಸಕೋಶಕ್ಕೆ ನುಗ್ಗುತ್ತದೆ.

ಈ 'ಬಿಟ್ಟುಕೊಡುವ' ಅನುಭವ ಪರದೆ ನೋಡಿದರೆ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಹ್ಯಾಪ್ಟಿಕ್, ಅಂದ್ರೆ ಕೈಗೆ ಸ್ಪರ್ಶದ ಅನುಭವ ಕೊಡುವ ಸಾಧನ ಬೇಕು. ಉಪಕರಣದ ಹಿಡಿಯನ್ನು ಮೋಟಾರ್ ಇರುವ ಪುಟ್ಟ ತೋಳಿಗೆ ಜೋಡಿಸಿರುತ್ತಾರೆ. ಚರ್ಮ, ಸ್ನಾಯು, ಎಲುಬು ಎಷ್ಟೆಷ್ಟು ತಡೆಯಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕಿ ತೋಳನ್ನು ಎದುರು ಒತ್ತಿಸುತ್ತದೆ. ಕಣ್ಣಿಗಾದರೆ ಸೆಕೆಂಡಿಗೆ 30–60 ಚಿತ್ರ ಸಾಕು. ಕೈಗೆ ಸಾಲದು, ಸೆಕೆಂಡಿಗೆ ಸುಮಾರು 1,000 ಸಲ ಲೆಕ್ಕ ನಡೆಯಬೇಕು. ತಡವಾದರೆ ಗಟ್ಟಿ ಎಲುಬೂ ಮೆತ್ತಗೆ, ನಡುಗಿದಂತೆ ಭಾಸವಾಗುತ್ತದೆ.

ಸಿಮ್ಯುಲೇಷನ್‌ನಿಂದ ನಿಜಕ್ಕೂ ಪ್ರಯೋಜನ ಇದೆಯೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಕಿರಿಯ ಸರ್ಜನ್‌ಗಳಿದ್ದರು. ಸಿಮ್ಯುಲೇಟರ್‌ನಲ್ಲಿ ಪಳಗಿದವರು ನಿಜವಾದ ಪಿತ್ತಕೋಶದ ಆಪರೇಷನ್‌ನಲ್ಲಿ ತಮ್ಮ ಭಾಗದ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ತಪ್ಪುಗಳೂ ಬಹಳ ಕಡಿಮೆಯಾದವು. ಅದು ತುರ್ತು ಆಪರೇಷನ್ ಅಲ್ಲ, ನಿಜ. ಆದರೆ ಯಂತ್ರದ ಮೇಲೆ ಕಲಿತದ್ದು ರೋಗಿಯ ಮುಂದೆ ಉಪಯೋಗಕ್ಕೆ ಬಂತು.

ಹಾಗಂತ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಎದೆಯ ಕೊಳವೆ ಹಾಕುವ ಕೈಚಳಕವನ್ನು ಕುರಿಯ ಪಕ್ಕೆಲುಬಿನ ಮೇಲೂ ಕಲಿಸುತ್ತಾರೆ, ಚೆನ್ನಾಗಿಯೇ ಬರುತ್ತದೆ. ಕಂಪ್ಯೂಟರ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ನೀವು ಸುಮ್ನೆ ಯೋಚಿಸುತ್ತಾ ನಿಂತರೆ ಅದರ ರೋಗಿಯ ಬಿಪಿ ಇಳಿಯುತ್ತದೆ, ಆಮ್ಲಜನಕ ಕುಸಿಯುತ್ತದೆ. ಯಾವ ಹೆಜ್ಜೆಯಲ್ಲಿ ಎಷ್ಟು ಸೆಕೆಂಡ್ ಹೋಯಿತು, ಎಲ್ಲಿ ಜಾಸ್ತಿ ಒತ್ತಿದಿರಿ ಎಂಬುದೂ ದಾಖಲಾಗುತ್ತದೆ. ಅದೇ ಕೇಸನ್ನು ಮತ್ತೆ ಮೊದಲಿನಿಂದ ಮಾಡಬಹುದು. ಗದ್ದಲದ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್‌ಗೆ ಏನು ಹೇಳಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಮಾತ್ರ ಒಬ್ಬರೇ ಕೂತು ಕಲಿಯಲಾಗದು. ಅದಕ್ಕೆ ಆಳೆತ್ತರದ ಗೊಂಬೆ ಮಲಗಿಸಿ, ಇಡೀ ತಂಡವನ್ನು ಸೇರಿಸಿ ತಾಲೀಮು ನಡೆಸುತ್ತಾರೆ.