ವಿದೇಶದಲ್ಲಿ ಓದಿದರೆ ಮಗಳ ಸಂಬಳ ಜಾಸ್ತಿ ಆಗುತ್ತಾ?

ಪ್ರಶ್ನೆ: ಮಗಳು ಮಂಡ್ಯದಲ್ಲಿ ಬಿಇ ಮುಗಿಸಿದ್ದಾಳೆ. ಅಮೆರಿಕದಲ್ಲಿ ಎಂಎಸ್ ಮಾಡ್ತೀನಿ ಅಂತಾಳೆ. ಸೈಟು ಅಡ ಇಟ್ಟು 30 ಲಕ್ಷ ಸಾಲ ತೆಗೆಯಬೇಕು. ಅದಕ್ಕೆ ತಕ್ಕ ಸಂಬಳ ಸಿಗುತ್ತಾ? ನೆಂಟರು ‘ಆ ದುಡ್ಡಲ್ಲಿ ಮದುವೆ ಮಾಡಿ’ ಅಂತಿದ್ದಾರೆ.

ಉತ್ತರ: ಸಿಗಬಹುದು. ಓದು ಮುಗಿದ ಮೊದಲ ಮೂರು ವರ್ಷ ಅವಳು ಎಲ್ಲಿ ಕೆಲಸ ಮಾಡುತ್ತಾಳೆ ಅನ್ನುವುದರ ಮೇಲೆ ಬಹುಪಾಲು ನಿಂತಿದೆ.

ಸಾಲದ ಲೆಕ್ಕ ನೋಡಿ. 30 ಲಕ್ಷಕ್ಕೆ ಶೇ 10 ಬಡ್ಡಿ, 15 ವರ್ಷ ಅಂದುಕೊಂಡರೆ ತಿಂಗಳ ಕಂತು ಸುಮಾರು 32 ಸಾವಿರ. ಓದುವಾಗ ಬೆಳೆಯುವ ಬಡ್ಡಿ ಬೇರೆ. ಡಾಲರ್ ಸಂಬಳದಲ್ಲಿ ಇದನ್ನು ಬೇಗ ತೀರಿಸಬಹುದು. ಓದಿದ ತಕ್ಷಣ ವಾಪಸ್ ಬಂದು ಮೈಸೂರಿನಲ್ಲಿ 50 ಸಾವಿರದ ಕೆಲಸ ಹಿಡಿದರೆ ಕೈಗುಳಿಯುವುದು 18 ಸಾವಿರ.

ಈಗಿನ ನಿಯಮದಂತೆ ಎಂಎಸ್ ಮುಗಿಸಿದವರು ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡಲು ಕೊಡುವ ತಾತ್ಕಾಲಿಕ ಅನುಮತಿ) ಅಡಿ 12 ತಿಂಗಳು ಅಲ್ಲೇ ದುಡಿಯಬಹುದು. ಎಂಜಿನಿಯರಿಂಗ್, ವಿಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಆಮೇಲೆ ಕಂಪನಿಯ ಮೂಲಕ ಸಿಗುವ ಎಚ್-1ಬಿ ಎಂಬ ಕೆಲಸದ ವೀಸಾ ಬೇಕು. ಅದು ಎಲ್ಲರಿಗೂ ಸಿಗುವುದಿಲ್ಲ.

ನನಗೆ ನಿಜಕ್ಕೂ ಚಿಂತೆ ಇರುವುದು ಮುಂದಿನ ಮಾತಿನ ಬಗ್ಗೆ. ಸರಿಯಾಗಿ ಆ ಮೂರು ವರ್ಷದಲ್ಲೇ ನಮ್ಮ ಕಡೆ ‘ವಯಸ್ಸಾಯ್ತು, ಗಂಡು ನೋಡೋಣ’ ಶುರುವಾಗುತ್ತದೆ, ಅಲ್ವಾ? ಎಚ್-1ಬಿಯಲ್ಲಿರುವ ಹುಡುಗನನ್ನು ಮದುವೆಯಾಗಿ ಅವನ ಮೇಲೆ ಸಿಗುವ ಎಚ್-4 ವೀಸಾಕ್ಕೆ ಬದಲಾದರೆ ಅವಳು ಕೆಲಸ ಮಾಡುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ ಅನುಮತಿ ಕೇಳಬಹುದು. ಅಲ್ಲಿಯವರೆಗೆ ಎಂಎಸ್ ಓದಿದವಳ ಗಳಿಕೆ ಸೊನ್ನೆ, ಕಂತು ಮಾತ್ರ ನಿಲ್ಲುವುದಿಲ್ಲ. ಮದುವೆ ಆಗಲಿ, ಆದರೆ ಅವಳು ತನ್ನ ಸ್ವಂತ ವೀಸಾ ಬಿಡದಿರಲಿ.

ಮಗುವಾದ ಮೇಲೂ ಎಚ್ಚರ ಬೇಕು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಮತ್ತು ಜೊತೆಗಾರರು ಷಿಕಾಗೊದಲ್ಲಿ ಎಂಬಿಎ ಓದಿದವರ ಗಳಿಕೆ ನೋಡಿದ್ದರು. ಶುರುವಿನಲ್ಲಿ ಗಂಡು, ಹೆಣ್ಣಿನ ಗಳಿಕೆ ಹತ್ತಿರ ಹತ್ತಿರ ಒಂದೇ ಇತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೆಂಗಸರು ತುಂಬಾ ಹಿಂದೆ ಬಿದ್ದಿದ್ದರು. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದು, ಕೆಲಸದ ಗಂಟೆ ಕಡಿಮೆ ಮಾಡಿದ್ದು ದೊಡ್ಡ ಕಾರಣ. ಅಷ್ಟು ಒಳ್ಳೆ ಡಿಗ್ರಿಯೂ ಅವರನ್ನು ಕಾಪಾಡಲಿಲ್ಲ.

ಸಾಲ ಕಡಿಮೆ ಮಾಡುವ ದಾರಿಗಳೂ ಇವೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಕೆಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿ ಸ್ವಲ್ಪ ಇಳಿಸುತ್ತವೆ. ಕೇಳದೆ ಸಹಿ ಹಾಕಬೇಡಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ಮೊದಲು ವಿದೇಶದಲ್ಲಿ ಓದಲು ನೆರವು ಕೊಡುವ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.