ಮರ ಹತ್ತದೆ ಇಳಿದ ಕೊನೆ

ನಮ್ಮ ಅಡಿಕೆ ತೋಟಕ್ಕೆ, ನೆಲದಲ್ಲೇ ನಿಂತು ಕೊನೆ (ಅಡಿಕೆ ಗೊನೆ) ಇಳಿಸುವ ಫೈಬರ್ ದೋಟಿ ಬಂದು ಮೂರು ವರ್ಷವಾಯಿತು. ಅದಕ್ಕೂ ಮೊದಲು ಶಿರಸಿ ಸೀಮೆಯ ಎಲ್ಲ ತೋಟಗಳಂತೆ ಇಲ್ಲೂ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನದೇ ದರ್ಬಾರು. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿ, ಸೊಂಟಕ್ಕೆ ಕತ್ತಿ ಇಟ್ಟು ಬೆಳಿಗ್ಗೆ ಒಂದು ಮರ ಹತ್ತಿದನೆಂದರೆ ಮತ್ತೆ ನೆಲ ಮುಟ್ಟುತ್ತಿದ್ದುದು ಆಸರಿ (ಚಾ-ತಿಂಡಿ) ಹೊತ್ತಿಗೆ. ಕೂತ ಮರವನ್ನೇ ತೂಗಿ, ಅದು ಬಾಗಿದ ಕ್ಷಣದಲ್ಲಿ ಪಕ್ಕದ ಮರ ಹಿಡಿದು ದಾಟುತ್ತಿದ್ದ. ಪಾದದ ಒಳಮಗ್ಗುಲು ಹಳೇ ಚಪ್ಪಲಿಯ ಅಟ್ಟೆಯ ಹಾಗೆ, ಮೀನಖಂಡ ಕಲ್ಲು. ಈಗ ಅದೇ ಗೌಡ ನೆಲದ ಮೇಲೆ ನಿಂತು, ಕತ್ತು ಮೇಲೆತ್ತಿ, 60 ಅಡಿಯ ದೋಟಿಯಲ್ಲಿ ಕೊನೆ ಎಳೆಯುತ್ತಾನೆ. ಬಿದ್ದು ಬೆನ್ನುಮೂಳೆ ಮುರಿದುಕೊಂಡವರನ್ನು ಕಂಡಿರುವ ನಾನಂತೂ ದೋಟಿಯ ಪರವೇ. ಆದರೂ ಈ ಸಲ ಅವನನ್ನು ನೋಡಿ ಸುಮ್ಮನಿರಲಾಗದೆ, "ಹೊಟ್ಟೆ ಬಂತಲ್ಲೋ ಗೌಡಾ" ಎಂದೆ.

"ಕೊನೆ ಇಳೀತದೆ ಹೆಗಡೇರೆ, ಹೊಟ್ಟೆ ಇಳೂದಿಲ್ಲ" ಎಂದ.

ಅದೇ ದಿನ ಸಂಜೆ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. ಶಿರಸಿ ಪೇಟೆಯ ಜಿಮ್ಮಿಗೆ ಹೋಗುವ ಹುಡುಗ. "ಮಾವಾ, ಈ ಇಂಜೆಕ್ಷನ್ ತಗಂಡ್ರೆ ಜಿಮ್ಮಿಗೆ ಹೋಪದೇ ಬ್ಯಾಡ್ದಡ, ಹೌದನ?" ಅವನು ಕೇಳಿದ್ದೂ ದೋಟಿಯ ಬಗೆಗೇ ಎಂದು ನನಗೆ ಅನ್ನಿಸಿತು.

ಅವನ ಮೊಬೈಲಿನಲ್ಲಿದ್ದದ್ದು ತೂಕ ಇಳಿಸುವ ಹೊಸ ಔಷಧಗಳ ಸುದ್ದಿ. ಊಟವಾದಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. 'ಹೊಟ್ಟೆ ತುಂಬಿತು, ಸಾಕು' ಎಂದು ಮಿದುಳಿಗೆ ಹೇಳುವ ಕೆಲಸದಲ್ಲಿ ಅದರ ಪಾಲಿದೆ. ಆದರೆ ಅದರ ಆಯುಸ್ಸು ಒಂದೆರಡು ನಿಮಿಷ ಮಾತ್ರ. ಅಮೆರಿಕದ ಮರುಭೂಮಿಯ ಗಿಲಾ ಮಾನ್ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಹೆಚ್ಚು ಹೊತ್ತು ಉಳಿಯುವ ಪದಾರ್ಥ ಸಿಕ್ಕಿತು. ಆ ಜಾಡಿನ ಮೊದಲ ಸಕ್ಕರೆ ಕಾಯಿಲೆ ಔಷಧ ಪೇಟೆಗೆ ಬಂದದ್ದು 2005ರಲ್ಲಿ. ಮುಂದೆ ವಾರಕ್ಕೊಂದೇ ಚುಚ್ಚುಮದ್ದು ಸಾಕಾಗುವ ಸೆಮಾಗ್ಲುಟೈಡ್ ಬಂತು. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. ಮರುವರ್ಷ ಟಿರ್ಜೆಪಟೈಡ್ ಎಂಬ ಇನ್ನೊಂದು ಔಷಧ ಶೇ. 20 ದಾಟಿಸಿತು. ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡಿನ ಮೌಂಜಾರೋ, ಜೂನ್‌ನಲ್ಲಿ ಸೆಮಾಗ್ಲುಟೈಡಿನ ವೆಗೋವಿ ಬಂದವು. ನೂರು ಕಿಲೋದವರು 80ಕ್ಕೆ ಬಂದರೆ ಮಂಡಿ, ಹೃದಯ, ಸಕ್ಕರೆ ಮೂರಕ್ಕೂ ಒಳ್ಳೆಯದೇ. ಇದನ್ನು 'ಸೋಮಾರಿಗಳ ಮದ್ದು' ಎಂದು ಹೀಗಳೆಯುವವರ ಜೊತೆ ನಾನಿಲ್ಲ.

ತಕ್ಕಡಿಯಲ್ಲಿ ಇಳಿದದ್ದು ಏನು ಎಂದು ನೋಡಿದಾಗ ಮಾತ್ರ ಕಥೆ ತಿರುಗುತ್ತದೆ. ಸೆಮಾಗ್ಲುಟೈಡಿನ ಆ ಪ್ರಯೋಗದ ಕೆಲವರನ್ನು ಸ್ಕ್ಯಾನ್ ಮಾಡಿದಾಗ, ಕಳೆದ ತೂಕದಲ್ಲಿ ಶೇ. 40ರ ಆಸುಪಾಸು ಕೊಬ್ಬಲ್ಲದ ಭಾಗವಾಗಿತ್ತು. ಅದೆಲ್ಲ ಸ್ನಾಯುವೇ ಎಂದಲ್ಲ, ನೀರೂ ಇರುತ್ತದೆ. ಆದರೆ ಸ್ನಾಯುವೂ ಧಾರಾಳ. ಔಷಧ ಬಿಟ್ಟವರಿಗೆ ಒಂದು ವರ್ಷದಲ್ಲಿ ಹೋದ ತೂಕದ ಮೂರರಲ್ಲಿ ಎರಡು ಪಾಲು ವಾಪಸು ಬಂತು. ಹೀಗೆ ಮರಳುವ ತೂಕ ಹೆಚ್ಚಾಗಿ ಕೊಬ್ಬಾಗಿಯೇ ಬರುತ್ತದೆ. ಅರವತ್ತು ದಾಟಿದವರಿಗೆ ಇದು ನಷ್ಟದ ಬಾಬ್ತು. ಡೆನ್ಮಾರ್ಕ್‌ನವರು ಇದೇ ಬಗೆಯ ಹಳೆಯ ಔಷಧ ಲಿರಾಗ್ಲುಟೈಡನ್ನು ವ್ಯಾಯಾಮದ ಜೊತೆಗೆ ಕೊಟ್ಟು ನೋಡಿದರು. ಔಷಧ ನಿಲ್ಲಿಸಿ ವರ್ಷವಾದ ಮೇಲೂ ಇಳಿದ ತೂಕವನ್ನು ಚೆನ್ನಾಗಿ ಕಾಪಾಡಿಕೊಂಡಿದ್ದವರು ವ್ಯಾಯಾಮವನ್ನೂ ಮಾಡಿದ್ದವರು.

ಜಿಮ್ ಧಂಧೆ ಇದನ್ನು ಬೇಗ ಅರ್ಥ ಮಾಡಿಕೊಂಡಿತು. ಜನವರಿಯಲ್ಲಿ ದುಡ್ಡು ಕಟ್ಟಿ ಮಾರ್ಚ್‌ನಲ್ಲಿ ಮಾಯವಾಗುವ 'ತೂಕ ಇಳಿಸುವ' ಗಿರಾಕಿಗಳ ಮೇಲೆ ನಿಂತ ವ್ಯಾಪಾರ ಅದು. ಅಮೆರಿಕದ ದೊಡ್ಡ ಜಿಮ್ ಸರಪಳಿಗಳು 2024ರ ಹೊತ್ತಿಗೇ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆಂದು ಬೇರೆ ತರಬೇತಿ ಶುರುಮಾಡಿದವು: ಟ್ರೆಡ್‌ಮಿಲ್ ಕಡಿಮೆ, ಭಾರ ಎತ್ತುವುದು ಹೆಚ್ಚು. ಇಲ್ಲಿಗೂ ಅದು ಬರುತ್ತದೆ. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗಷ್ಟೇ. ದೇಶೀ ಕಂಪನಿಗಳು ಕೈಹಾಕಿದ ಔಷಧದ ಬೆಲೆ ಎಲ್ಲಿಗೆ ಇಳಿಯುತ್ತದೆಂದು ನಮಗೆ ಗೊತ್ತಿಲ್ಲದ್ದೇನಲ್ಲ.

ಹಾಗಾದರೆ ಭಾರ ಎತ್ತುವುದಕ್ಕೂ ಒಂದು ಮಾತ್ರೆ? ಹುಡುಕಾಟ ನಡೆದಿದೆ. 2008ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ತಂಡ ಇಲಿಗಳಿಗೆ ನಾಲ್ಕು ವಾರ ಐಕಾರ್ ಎಂಬ ರಾಸಾಯನಿಕ ಕೊಟ್ಟಿತು. ಒಂದು ದಿನವೂ ಓಡಿ ಅಭ್ಯಾಸವಿಲ್ಲದ ಆ ಇಲಿಗಳು ಉಳಿದವಕ್ಕಿಂತ ಶೇ. 44ರಷ್ಟು ಹೆಚ್ಚು ದೂರ ಓಡಿದವು. ಆ ತಂಡ ಬಳಸಿದ ಇನ್ನೊಂದು ರಾಸಾಯನಿಕದ್ದು ಬೇಸರದ ಕಥೆ. ಪ್ರಾಣಿಗಳಲ್ಲಿ ಹಲವು ಅಂಗಗಳಿಗೆ ಕ್ಯಾನ್ಸರ್ ಬಂದದ್ದರಿಂದ ಅದನ್ನು ತಯಾರಿಸುತ್ತಿದ್ದ ಕಂಪನಿಯೇ ಕೈಬಿಟ್ಟಿತು. ಆದರೂ ಅದು 'ಕಾರ್ಡರಿನ್' ಎಂಬ ಹೆಸರಲ್ಲಿ ಆನ್‌ಲೈನ್‌ನಲ್ಲಿ ಓಡಾಡುತ್ತಿತ್ತು. ಕೊನೆಗೆ 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಇದನ್ನು ಮುಟ್ಟಬೇಡಿ ಎಂದು ಕ್ರೀಡಾಪಟುಗಳಿಗೆ ನೇರವಾಗಿಯೇ ಎಚ್ಚರಿಸಬೇಕಾಯಿತು. ನಮ್ಮ ಜಿಮ್ಮುಗಳಲ್ಲೂ ಇಂಥದ್ದಿದೆ. ಆಪರೇಷನ್ ಥಿಯೇಟರಿನಲ್ಲಿ ಬಿಪಿ ಬಿದ್ದಾಗ ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನನ್ನು ಸ್ನಾಯು ಉಬ್ಬಿ 'ಪಂಪ್' ಬರಲೆಂದು ಚುಚ್ಚಿಕೊಳ್ಳುವ ಹುಡುಗರಿದ್ದಾರೆ. ಅಳಿಯನನ್ನು ಆ ದಿನ ನಾನು ಮೊದಲು ವಿಚಾರಿಸಿದ್ದೇ ಇದನ್ನು.

ಒಂದು ಮಾತ್ರೆಯಲ್ಲಿ ವ್ಯಾಯಾಮವನ್ನು ಹಿಡಿದಿಡುವುದು ಯಾಕೆ ಇಷ್ಟು ಕಷ್ಟ? ಗೌಡ ಮರ ಹತ್ತುವಾಗ ತೊಡೆ ಒಂದೇ ದುಡಿಯುವುದಿಲ್ಲ. ಮೂಳೆಗೆ ಭಾರ ಬೀಳುತ್ತದೆ. ಭಾರ ಬಿದ್ದಲ್ಲೇ ಮೂಳೆ ದಪ್ಪವಾಗುತ್ತದೆ. ರಕ್ತ ಜೋರಾಗಿ ಹರಿದಾಗ ಧಮನಿಯ ಗೋಡೆ ಸಡಿಲಗೊಳ್ಳುತ್ತದೆ. ದುಡಿವ ಸ್ನಾಯು ತಾನೇ ಹಾರ್ಮೋನುಗಳಂಥ ಪದಾರ್ಥಗಳನ್ನು ಬಿಟ್ಟು ಯಕೃತ್ತಿಗೆ, ಕೊಬ್ಬಿಗೆ, ಮಿದುಳಿಗೆ ಸುದ್ದಿ ಕಳಿಸುತ್ತದೆ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಇಲಿಗಳನ್ನು ಎಂಟು ವಾರ ಓಡಿಸಿ 19 ಬಗೆಯ ಅಂಗಾಂಶಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲೂ ಬದಲಾವಣೆ, ಎಣಿಸಿದರೆ ಸಾವಿರಾರು ಅಣುಗಳು. ತದ್ವಿರುದ್ಧದ ಪ್ರಯೋಗವೊಂದು 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದಿತ್ತು. ಇಪ್ಪತ್ತರ ಹರೆಯದ ಐವರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೂವತ್ತು ವರ್ಷಗಳ ನಂತರ ಅವರನ್ನೇ ಕರೆದು ಅಳೆದಾಗ, ಆ ಮೂರು ವಾರದಲ್ಲಿ ಕಳೆದುಕೊಂಡಷ್ಟು ಕಸುವನ್ನು ಮೂವತ್ತು ವರ್ಷದ ವಯಸ್ಸೂ ಕಸಿದಿರಲಿಲ್ಲ.

ಇನ್ನು ಜೀನಿನ ಮಾತು. 1997ರಲ್ಲಿ ಸೇ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್, ಮಯೋಸ್ಟಾಟಿನ್ ಎಂಬ ಪ್ರೋಟೀನನ್ನು ಕಂಡರು. 'ಇನ್ನು ಬೆಳೆದದ್ದು ಸಾಕು' ಎಂದು ಸ್ನಾಯುವಿಗೆ ಹೇಳುವ ಬ್ರೇಕ್ ಅದು. ಆ ಜೀನನ್ನು ಕೆಡಿಸಿದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ಈ ಬ್ರೇಕ್ ತಾನಾಗಿಯೇ ಕೆಟ್ಟಿದೆ. ಹೋರಿ ಸಾವಿರ ಕಿಲೋ ದಾಟುತ್ತದೆ, ಮೈಯೆಲ್ಲ ಗಂಟುಗಂಟು ಮಾಂಸ. ಆದರೆ ಹಸುವಿಗೆ ತಾನಾಗಿ ಕರು ಹೆರಲು ಆಗುವುದಿಲ್ಲ, ಬಹುತೇಕ ಎಲ್ಲಕ್ಕೂ ಸಿಸೇರಿಯನ್. ನಮ್ಮ ಬೆಟ್ಟದಲ್ಲಿ ಮೇಯುವ ಮಲೆನಾಡು ಗಿಡ್ಡ ಹಸು ನೂರು ನೂರಿಪ್ಪತ್ತು ಕಿಲೋ ಇದ್ದೀತು. ಹೆರುವುದು ಸೊಪ್ಪಿನ ಬೆಟ್ಟದಲ್ಲೇ, ಸಂಜೆ ಕರುವಿನ ಜೊತೆ ತಾನೇ ಕೊಟ್ಟಿಗೆಗೆ ಬರುತ್ತದೆ. ಮಯೋಸ್ಟಾಟಿನ್ ಇಲ್ಲದ ಇಲಿಗಳಲ್ಲಿ ಇನ್ನೊಂದು ತೊಡಕು ಕಂಡಿತು. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳು ಸಣ್ಣವಾಗಿ, ಪೆಡಸಾಗಿದ್ದವು. ಎಂಜಿನ್ ಲಾರಿಯದು, ಹಗ್ಗ ಮಾತ್ರ ಸೈಕಲ್ಲಿನದು.

ಆದರೂ ಈ ಬ್ರೇಕನ್ನು ಔಷಧದಿಂದ ಸ್ವಲ್ಪವೇ ಸಡಿಲಿಸುವುದು ಆಗದ ಮಾತಲ್ಲ. ಬಿಮಾಗ್ರುಮ್ಯಾಬ್ ಎಂಬ ಪ್ರತಿಕಾಯದ 48 ವಾರಗಳ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆ ಇದ್ದವರ ಕೊಬ್ಬು ಶೇ. 20ರಷ್ಟು ಇಳಿದು, ಕೊಬ್ಬಲ್ಲದ ಭಾಗ ಶೇ. 3.6ರಷ್ಟು ಏರಿತು. ಹಾಸಿಗೆ ಹಿಡಿದ ಮುದುಕರಿಗೆ, ಸ್ನಾಯು ಕರಗುವ ರೋಗದ ಮಕ್ಕಳಿಗೆ ಇಂಥದ್ದು ಬೇಕೇ ಬೇಕು. ಆರೋಗ್ಯವಂತರು ಕಾಯುವುದಿಲ್ಲ, ಅದೇ ತಾಪತ್ರಯ. ಹೊಂಡುರಾಸ್ ದೇಶದ ರೋಆಟಾನ್ ದ್ವೀಪದಲ್ಲಿ, ಮಯೋಸ್ಟಾಟಿನ್‌ಗೆ ಅಡ್ಡ ಬರುವ ಫಾಲಿಸ್ಟಾಟಿನ್‌ನ ಜೀನನ್ನು 25,000 ಡಾಲರಿಗೆ ಚುಚ್ಚುವ ಅಂಗಡಿ ಆಗಲೇ ತೆರೆದಿದೆ.

ಜೀನನ್ನೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ಕತ್ತರಿ 2012ರದು. 2020ರಲ್ಲಿ ಅದಕ್ಕೆ ನೊಬೆಲ್ ಬಂತು. 2023ರಲ್ಲಿ ಬ್ರಿಟನ್ ಅದರ ಮೊದಲ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದು ಕುಡುಗೋಲು ಕಣ ರೋಗ ಮತ್ತು ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗಳಿಗೆ. ಅಲ್ಲಿ ತಿದ್ದಬೇಕಾದ ಜಾಗ ಒಂದೇ. ಕಸುವಿನಲ್ಲೂ ಹಾಗೆ ಒಂದೇ ಜೀನು ಮೆರೆದದ್ದುಂಟು. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್ಲೆಂಡಿನ ಸ್ಕೀ ಪಟು ಏರೋ ಮ್ಯಾಂಟಿರಾಂಟನಿಗೆ ಹುಟ್ಟಿನಿಂದಲೇ ಕೆಂಪು ರಕ್ತಕಣ ವಿಪರೀತ. ಕಾರಣ ಒಂದು ಜೀನಿನ ವ್ಯತ್ಯಾಸ. ಇಂಥವರು ಅಪರೂಪ. ಬರೀ ಎತ್ತರವೊಂದಕ್ಕೇ 12,000ಕ್ಕೂ ಹೆಚ್ಚು ಜೀನು ವ್ಯತ್ಯಾಸಗಳ ನಂಟಿದೆಯೆಂದು 2022ರಲ್ಲಿ ಲೆಕ್ಕ ಸಿಕ್ಕಿದೆ. ಕತ್ತರಿ ಎಲ್ಲೆಲ್ಲಿ ಆಡಿಸುವುದು?

ಜೀನಿನಲ್ಲೇ ಪದಕ ಹುಡುಕಿದ ಕಥೆ ಈ ಜಿಲ್ಲೆಗೆ ಹಳತು. ಎಂಬತ್ತರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಆಫ್ರಿಕಾ ಮೂಲದವರು, ರಕ್ತದಲ್ಲೇ ಓಟವಿದೆ ಎಂಬ ಎಣಿಕೆ. ಕೆಲವರು ಪದಕವನ್ನೂ ತಂದರು. ತೊಂಬತ್ತರ ದಶಕದಲ್ಲಿ ಯೋಜನೆ ನಿಂತಿತು. ಹಲವರು ಯಲ್ಲಾಪುರ, ಹಳಿಯಾಳದ ಕಾಡಂಚಿನ ಹಳ್ಳಿಗಳಿಗೆ ಮರಳಿ ಕೂಲಿಗೆ ಹೋದರು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ನಡೆಸಿದ ಅಧ್ಯಯನದಲ್ಲಿ, ಸಿದ್ದಿಗಳ ವಂಶವಾಹಿಯಲ್ಲಿ ಆಫ್ರಿಕಾದ ಬಾಂಟು ಮೂಲದ ಜೊತೆಗೆ ಭಾರತದ್ದೂ, ಬಹುಶಃ ಯುರೋಪಿನದೂ ಬೆರೆತಿರುವುದು ಕಂಡಿತು. ದೂರ ಓಟದಲ್ಲಿ ಹೆಸರಾದ ಕೀನ್ಯಾದ ಕಲೆಂಜಿನ್ ಜನರದ್ದು ಬೇರೆಯೇ ಬಳಗ. ಎಣಿಕೆಯ ಬುಡವೇ ಸಡಿಲ. ಅದು ಹೇಗೂ ಇರಲಿ, ಯೋಜನೆ ನಿಂತ ದಿನ ಮಕ್ಕಳ ಜೀನೇನೂ ಬದಲಾಗಿರಲಿಲ್ಲ. ಮೈದಾನ, ಕೋಚು, ಎರಡು ಹೊತ್ತಿನ ಮೊಟ್ಟೆ ನಿಂತಿದ್ದವು.

ಮರುದಿನ ಅಳಿಯನನ್ನು ತೋಟಕ್ಕೆ ಕರೆದುಕೊಂಡು ಹೋದೆ. ಹಳ್ಳದ ಅಂಚಿನಲ್ಲಿ ಅಜ್ಜನ ಕಾಲದ ಐದಾರು ಮರಗಳಿವೆ, ದೋಟಿಗೂ ಎಟುಕವು. ಗೌಡ ತಳೆ ಹುಡುಕಿ ತಂದು ಹತ್ತಿದ. ಎರಡು ಮರಕ್ಕೆ ಏನೂ ಆಗಲಿಲ್ಲ. ಮೂರನೆಯದರಿಂದ ಇಳಿದಾಗ ಮೀನಖಂಡ ಗಡಗಡ ನಡುಗುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆಯ ಕವಳ ಬಿಚ್ಚುತ್ತ, "ಅಳಿಯಂದ್ರು ಜಿಮ್ಮಿಗೆ ತಿಂಗಳಿಗೆ ಎಷ್ಟು ಕೊಡ್ತಾರೆ?" ಎಂದು ಕೇಳಿದ.

ಸಾವಿರದ ಇನ್ನೂರು ಎಂದೆ.

"ಅದ್ನ ನಂಗೇ ಕೊಡೂಕೆ ಹೇಳಿ. ಮರ ಹತ್ತೂದು ಕಲಿಸ್ತೆ."

ಅಳಿಯ ಮರದ ತುದಿ ನೋಡಿದ, ಆಮೇಲೆ ತನ್ನ ಹೊಸ ಶೂ ನೋಡಿಕೊಂಡ.