ಗಾಳಿಯಲ್ಲಿ 1 ಮೀಟರ್, ಹಿಮದ ಮೇಲೆ 50 ಮೀಟರ್

ಚಳಿಗಾಲದ ಶನಿವಾರ, ಭಾನುವಾರ ಸಂಜೆ ನಮ್ಮನೆ ಟೀವಿ ನನ್ನದು. ಬನಶಂಕರಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆಸ್ಟ್ರಿಯಾದಲ್ಲೋ ಜರ್ಮನಿಯಲ್ಲೋ ಇನ್ನೂ ಮಧ್ಯಾಹ್ನ ಎರಡು ಗಂಟೆ, ಹಿಮದ ಮೇಲೆ ಓಟ ಶುರುವಾಗುವ ಸಮಯ. ಮೊನ್ನೆ ಅಕ್ಕನ ಮಗಳು ಸ್ಕೇಟಿಂಗ್ ಕ್ಲಾಸ್ ಮುಗಿಸಿ ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು, "ಮಾಮ, ಆಗಲೇ ಬೆಟ್ಟದ ಮೇಲಿಂದ ಹಾರಿದನಲ್ಲ, ಆ ಅಣ್ಣನೇನಾ ಈಗ ಓಡ್ತಿರೋದು?"

ಹೂಂ, ಅವನೇ. ಈ ಆಟದ ಸ್ವಾರಸ್ಯವೆಲ್ಲ ಅದರಲ್ಲೇ ಇದೆ.

ಆಟದ ಹೆಸರು ನಾರ್ಡಿಕ್ ಕಂಬೈನ್ಡ್. ಒಂದೇ ದಿನ, ಒಬ್ಬನೇ ಆಟಗಾರ, ಎರಡು ಆಟ. ಮೊದಲು ಸ್ಕೀ ಜಂಪಿಂಗ್: ಎತ್ತರದ ಇಳಿಜಾರಿನಿಂದ ಜಾರಿಬಂದು ನೂರಕ್ಕೂ ಹೆಚ್ಚು ಮೀಟರ್ ದೂರ ಹಾರಬೇಕು. ಆಮೇಲೆ ಅದೇ ದಿನ 10 ಕಿಲೋಮೀಟರ್ ಕ್ರಾಸ್ ಕಂಟ್ರಿ ಓಟ. ಹಾರುವುದಕ್ಕೆ ಉದ್ದನೆಯ ಅಗಲವಾದ ಸ್ಕೀ, ಕೈಯಲ್ಲಿ ಕೋಲಿಲ್ಲ. ಓಟಕ್ಕೆ ಸಪೂರವಾದ ಹಗುರ ಸ್ಕೀ, ಎರಡೂ ಕೈಯಲ್ಲಿ ಕೋಲು. ನವೆಂಬರ್ ಕೊನೆಗೆ ಉತ್ತರ ಫಿನ್‌ಲ್ಯಾಂಡಿನ ರುಕಾದಲ್ಲಿ ವಿಶ್ವಕಪ್ ಸೀಸನ್ ಶುರುವಾದರೆ, ಲಿಲ್ಲೆಹಾಮರ್, ರಾಮ್ಸಾವ್, ಸೀಫೆಲ್ಡ್, ಓಬರ್‌ಸ್ಟ್‌ಡಾರ್ಫ್ ಎಂದು ಊರೂರು ಸುತ್ತಿ ಮಾರ್ಚ್‌ನಲ್ಲಿ ಓಸ್ಲೋದ ಹೋಲ್ಮೆನ್‌ಕೋಲೆನ್ ಕಡೆ ಬರುತ್ತದೆ. ಸೀಫೆಲ್ಡ್‌ನಲ್ಲಿ ಮೂರು ದಿನ ಬೆನ್ನುಬೆನ್ನಿಗೆ ಸ್ಪರ್ಧೆ. ಮೂರನೇ ದಿನಕ್ಕೆ ಎಲ್ಲರೂ ಉಳಿದಿರುವುದಿಲ್ಲ.

ಹಾರಾಟವನ್ನೂ ಓಟವನ್ನೂ ಕೂಡಿಸುವುದು ಹೇಗೆ? ಒಂದು ಮೀಟರ್ ಲೆಕ್ಕ, ಇನ್ನೊಂದು ನಿಮಿಷದ ಲೆಕ್ಕ. ಹಿಂದೆ ಓಟದ ಸಮಯವನ್ನು ಕೋಷ್ಟಕ ನೋಡಿ ಅಂಕಕ್ಕೆ ಬದಲಾಯಿಸುತ್ತಿದ್ದರು. ಮೊದಲು ಗೆರೆ ದಾಟಿದವನೇ ಗೆದ್ದ ಅಂತ ಹೇಳುವ ಹಾಗಿರಲಿಲ್ಲ, ನೋಡುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಸ್ವತಃ ಈ ಆಟ ಆಡಿದ್ದ ನಾರ್ವೆಯ ಗುಂಡರ್ ಗುಂಡರ್ಸನ್ ಲೆಕ್ಕವನ್ನೇ ತಿರುಗಿಸಿಬಿಟ್ಟರು. ಹಾರಾಟದ ಅಂಕವನ್ನು ಸೆಕೆಂಡಿಗೆ ಬದಲಾಯಿಸಿ, ಅದನ್ನು ಓಟ ಶುರುವಾಗುವ ಮೊದಲೇ ಲೆಕ್ಕ ಮಾಡಿ ಇಡಿ, ಚೆನ್ನಾಗಿ ಹಾರಿದವನು ಮೊದಲು ಹೊರಡಲಿ ಎಂದರು. 1980ರ ದಶಕದ ನಡುವಿನಿಂದ ಈ ಪದ್ಧತಿ ಬಂತು. ಈಗ 15 ಅಂಕ ಹಿಂದಿದ್ದವನು ಒಂದು ನಿಮಿಷ ತಡವಾಗಿ ಹೊರಡಬೇಕು, ಅಂದರೆ ಒಂದು ಅಂಕಕ್ಕೆ 4 ಸೆಕೆಂಡ್. ಮೊದಲು ಗೆರೆ ದಾಟಿದವನೇ ಗೆದ್ದ. ಮಗುವಿಗೂ ಅರ್ಥವಾಗುತ್ತದೆ, ಅಲ್ವಾ?

ಒಂದು ಸಂಜೆ ಸುಮ್ನೆ ಕೂತು ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಮಾಡಿದೆ. ದೊಡ್ಡ ಹಿಲ್‌ನಲ್ಲಿ, ಅಂದರೆ ಹಾರುವ ದೊಡ್ಡ ಇಳಿಜಾರಿನಲ್ಲಿ, ಒಂದು ಮೀಟರ್ ಜಾಸ್ತಿ ಹಾರಿದರೆ 1.8 ಅಂಕ. ಅಂದರೆ 7.2 ಸೆಕೆಂಡ್. ಒಳ್ಳೆಯ ಓಟಗಾರರು ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾರೆ. ಆ ವೇಗದಲ್ಲಿ 7.2 ಸೆಕೆಂಡ್ ಎಂದರೆ 50 ಮೀಟರ್. ಗಾಳಿಯಲ್ಲಿ ಒಂದು ಮೀಟರ್ ಬಿಟ್ಟವನು ಹಿಮದ ಮೇಲೆ 50 ಮೀಟರ್ ಬೆನ್ನಟ್ಟಬೇಕು. ಇಳಿಯುವ ಶೈಲಿಗೂ ಅಂಕ ಇದೆ. ಒಂದು ಕಾಲು ಮುಂದೆ ಇಟ್ಟು, ಮಂಡಿ ಬಗ್ಗಿಸಿ ಇಳಿಯಬೇಕು, ಅದಕ್ಕೆ ಟೆಲಿಮಾರ್ಕ್ ಎನ್ನುತ್ತಾರೆ. ಐವರು ತೀರ್ಪುಗಾರರಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಕೊಟ್ಟವರನ್ನು ಬಿಟ್ಟು ಉಳಿದ ಮೂವರು ತಲಾ ಅರ್ಧ ಅಂಕ ಕಳೆದರೂ 6 ಸೆಕೆಂಡ್ ಹೋಯಿತು.

ಇನ್ನು ಹಾರಾಟ. ಜಿಗಿಯುವ ತುದಿ ಆಕಾಶದ ಕಡೆ ಮುಖ ಮಾಡಿರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸುಮಾರು 11 ಡಿಗ್ರಿ ಕೆಳಗೆ ಬಾಗಿರುತ್ತದೆ! ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅಲ್ಲಿಗೆ ಬಂದವನು ಸುಮಾರು 0.3 ಸೆಕೆಂಡಿನೊಳಗೆ ತೊಡೆಯ ಶಕ್ತಿಯನ್ನೆಲ್ಲ ಹಾಕಿ ಮೇಲಕ್ಕೆ ಒದೆಯಬೇಕು. ಚೂರು ಬೇಗ ಆದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಆಮೇಲೆ ಗಾಳಿಯೇ ಎತ್ತಿ ಹಿಡಿಯಬೇಕು. ಚಿಕ್ಕವರಿದ್ದಾಗ ಮೈಸೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಬೈಸಿಕೊಂಡಿದ್ದು ನೆನಪಿದೆಯಾ? ಅಂಗೈಯ ಮುಂತುದಿ ಚೂರು ಮೇಲೆತ್ತಿದರೆ ಕೈ ತಾನಾಗೇ ಮೇಲೇಳುತ್ತಿತ್ತು. ಇಲ್ಲಿ ಇಡೀ ಮೈ, ಎರಡು ಸ್ಕೀ ಸೇರಿ ಆ ಅಂಗೈ. ಸ್ವೀಡನ್ನಿನ ಯಾನ್ ಬೋಕ್ಲೋವ್ 1980ರ ದಶಕದ ಕೊನೆಯಲ್ಲಿ ಸ್ಕೀಗಳನ್ನು ವಿ ಆಕಾರದಲ್ಲಿ ಅಗಲಿಸಿ ಹಾರಿದಾಗ ತೀರ್ಪುಗಾರರು ಶೈಲಿಯ ಅಂಕ ಕತ್ತರಿಸಿದರು. ಆದರೆ ಹಾಗೆ ಅಗಲಿಸಿದರೆ ಗಾಳಿಗೆ ಸಿಗುವ ಜಾಗ ಜಾಸ್ತಿ. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದನ್ನೇ ಹಿಡಿದರು.

ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿರುವುದು ಮಾತ್ರ ಬೇರೆಯೇ ವಿಷಯ. ಹಾರುವುದಕ್ಕೆ ಬೇಕಾದ ದೇಹ ಒಂದು, ಓಡುವುದಕ್ಕೆ ಬೇಕಾದ ದೇಹ ಇನ್ನೊಂದು. ಹಾರುವವನು ಹಗುರ ಇದ್ದಷ್ಟೂ ಒಳ್ಳೆಯದು, ಅವನಿಗೆ ಬೇಕಿರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯುವ ವೇಗದ ಸ್ನಾಯು ಎಳೆಗಳು. ಓಡುವವನಿಗೆ ದಣಿಯದ ನಿಧಾನದ ಎಳೆಗಳು ಬೇಕು, ದೊಡ್ಡ ಹೃದಯ ಬೇಕು, ಕೋಲು ಒತ್ತುವುದಕ್ಕೆ ತೋಳು ಬೆನ್ನಿನಲ್ಲಿ ಕಸುವು ಬೇಕು, ಕಸುವಿಗೆ ತೂಕ ಇದ್ದೇ ಇರುತ್ತದೆ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಹತ್ತು ವಾರ ಬರೀ ಭಾರದ ವ್ಯಾಯಾಮ, ಇನ್ನೊಂದಕ್ಕೆ ಬರೀ ಓಟ ಮತ್ತು ಸೈಕಲ್, ಮೂರನೆಯದಕ್ಕೆ ಎರಡೂ. ಎರಡನ್ನೂ ಮಾಡಿದವರ ದಮ್ಮಿಗೆ ಏನೂ ತೊಂದರೆ ಆಗಲಿಲ್ಲ. ಆದರೆ ಕಾಲಿನ ಶಕ್ತಿ ಸುಮಾರು ಏಳು ವಾರ ಏರಿ, ನಿಂತು, ಕೊನೆಗೆ ಇಳಿಯತೊಡಗಿತು. ಒಂದು ತರಬೇತಿ ಇನ್ನೊಂದರ ಫಲವನ್ನು ತಿನ್ನುತ್ತಿತ್ತು. ಬಹಳ ಹೊತ್ತು ಓಡಿದಾಗ ಇಂಧನ ಕಡಿಮೆ ಇದೆ ಎಂಬ ಸುದ್ದಿ ಜೀವಕೋಶದೊಳಗೆ ಹಬ್ಬುತ್ತದೆ, ಆಗ ಅದು ಸ್ನಾಯು ಕಟ್ಟುವ ಕೆಲಸವನ್ನು ತಡೆಯುತ್ತದೆ ಎನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ದಣಿದ ನರಗಳು ಸಿಡಿತದ ಚುರುಕು ಕಳೆದುಕೊಳ್ಳುತ್ತವೆ ಎನ್ನುವುದು ಇನ್ನೊಂದು.

ಈಗ ಸೀಸನ್ನನ್ನು ನೋಡಿ. ನಾಲ್ಕು ತಿಂಗಳು, ವಾರ ವಾರವೂ ಸ್ಪರ್ಧೆ. ಈ ವಾರ ದಮ್ಮು ಜಾಸ್ತಿ ಮಾಡಿಕೊಳ್ಳಲು ಹೋದರೆ ಮುಂದಿನ ವಾರ ಕಾಲು ಭಾರ, ಜಿಗಿತದಲ್ಲಿ ಎರಡು ಮೀಟರ್ ಕಡಿಮೆ. ತೂಕ ಇಳಿಸಿದರೆ ದೂರ ಹಾರಬಹುದು, ಆದರೆ ಕೊನೆಯ ಏರಿನಲ್ಲಿ ಕಾಲು ಸೋಲುತ್ತದೆ. ಹಾರುವವರು ಊಟ ಬಿಟ್ಟು ಸೊರಗುವುದು ಈ ಕ್ಷೇತ್ರದ ಹಳೆಯ ನೋವು. ಅದಕ್ಕೇ ಈಗ ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಗಿಡ್ಡ ಸ್ಕೀ ಹಾಕಬೇಕು ಎಂಬ ನಿಯಮ ಇದೆ. ಸ್ಕೀ ಗಿಡ್ಡವಾದರೆ ಗಾಳಿಯ ಆಸರೆಯೂ ಕಡಿಮೆ, ಸೊರಗಿ ಲಾಭವಿಲ್ಲ. ಒಳ್ಳೆಯ ನಿಯಮ.

ಓಟದಲ್ಲೂ ಗಾಳಿ ಬಿಡುವುದಿಲ್ಲ. ಮೊದಲು ಹೊರಟವನು ಒಬ್ಬನೇ ಗಾಳಿಗೆ ಎದೆಯೊಡ್ಡಬೇಕು. ಹಿಂದಿನವರು ಗುಂಪು ಕಟ್ಟಿಕೊಂಡು ಒಬ್ಬರ ಬೆನ್ನ ಮರೆಯಲ್ಲಿ ಒಬ್ಬರು ಬರುತ್ತಾರೆ, ಸರದಿ ಮೇಲೆ ಮುಂದಾಳಾಗುತ್ತಾರೆ. ನಮ್ಮೂರಿನ ವರ್ಲ್ಡ್ 10ಕೆ ಗೆಲ್ಲುವ ಗಂಡಸರು ಡಾಂಬರು ರಸ್ತೆಯಲ್ಲಿ 27-28 ನಿಮಿಷ ತೆಗೆದುಕೊಳ್ಳುವ ದೂರವನ್ನು ಇವರು ಏರಿಳಿತದ ಹಿಮದಲ್ಲಿ 25 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಗೆರೆ ದಾಟಿದ ಕೂಡಲೇ ಧೊಪ್ಪನೆ ಬಿದ್ದು, ಮುಖ ಹಿಮದಲ್ಲಿಟ್ಟು ಮಲಗುತ್ತಾರೆ.

ನಾರ್ವೆಯ ಯಾರ್ಲ್ ಮಾಗ್ನುಸ್ ರೀಬರ್ ಐದು ಸೀಸನ್ ಗೆದ್ದವರು, ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿಂದಾಗಿ 2025ರಲ್ಲಿ ಆಟ ಬಿಟ್ಟರು. ಅವರ ಅಷ್ಟೂ ಗೆಲುವಿಗಿಂತ ನನ್ನ ಕಣ್ಣಲ್ಲಿ ನಿಂತಿರುವುದು 2022ರ ಬೀಜಿಂಗ್ ಒಲಿಂಪಿಕ್ಸ್‌ನ ಒಂದು ತಿರುವು. ಕೋವಿಡ್ ಬಂದು ಕೋಣೆಯೊಳಗೆ ದಿನಗಟ್ಟಲೆ ಕೂತು, ಹೊರಬಂದ ಕೂಡಲೇ ಎಲ್ಲರಿಗಿಂತ ಚೆನ್ನಾಗಿ ಹಾರಿ, 44 ಸೆಕೆಂಡ್ ಮುನ್ನಡೆ ಪಡೆದರು. ಅಂದರೆ ಹಿಮದ ಮೇಲೆ ಸುಮಾರು 300 ಮೀಟರ್. ಮೊದಲ ಸುತ್ತು ಮುಗಿಯುವಾಗ, ಮುಂದೆ ದಾರಿ ತೋರಲು ಯಾರೂ ಇಲ್ಲ, ಅವರು ಕೊನೆಯ ಗೆರೆಯ ಕಡೆ ಹೋಗುವ ತಪ್ಪು ದಾರಿಗೆ ತಿರುಗಿದರು. ಗೊತ್ತಾಗಿ ನಿಂತು, ತಿರುಗಿ ವಾಪಸ್ ಬರುವಷ್ಟರಲ್ಲಿ ಗಾಳಿಯಲ್ಲಿ ಗಳಿಸಿದ್ದು ಬಹಳಷ್ಟು ಕರಗಿತ್ತು. ಎಂಟನೆಯವರಾಗಿ ಮುಗಿಸಿದರು. ಹಿಂದಿನಿಂದ ಬಂದ ಅವರ ದೇಶದವರೇ ಆದ ಯೋರ್ಗನ್ ಗ್ರೋಬಾಕ್ ಚಿನ್ನ ಗೆದ್ದರು.

ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕನ ಮಗಳು ನಡುವೆ ಬಾಯಿ ಹಾಕಿದಳು, "ಅಕ್ಕಂದಿರು ಹಾರಲ್ವಾ?" ಹಾರುತ್ತಾರೆ. 2020ರ ಡಿಸೆಂಬರ್‌ನಲ್ಲಿ ರಾಮ್ಸಾವ್‌ನಲ್ಲಿ ಹೆಣ್ಣುಮಕ್ಕಳ ಮೊದಲ ವಿಶ್ವಕಪ್ ಸ್ಪರ್ಧೆ ನಡೆಯಿತು, ಅಮೆರಿಕದ ಟಾರಾ ಗೆರಟಿ-ಮೋಟ್ಸ್ ಗೆದ್ದರು. ಆದರೆ 1924ರಿಂದ ಒಲಿಂಪಿಕ್ಸ್‌ನಲ್ಲಿರುವ ಈ ಆಟವನ್ನು 2026ರ ಕೂಟದಲ್ಲಿ ಹೆಣ್ಣುಮಕ್ಕಳಿಗೆ ಇಡುವುದಿಲ್ಲ ಎಂದು ಒಲಿಂಪಿಕ್ ಸಮಿತಿ 2022ರಲ್ಲೇ ತೀರ್ಮಾನಿಸಿತು. ಆಡುವ ದೇಶಗಳು ಕಡಿಮೆ, ನೋಡುವವರು ಕಡಿಮೆ ಎನ್ನುವುದು ಕಾರಣ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ದೊಡ್ಡ ಬಾಗಿಲು ಮುಚ್ಚಿದ್ದರೆ ಹೊಸ ದೇಶಗಳ ಹುಡುಗಿಯರು ಬರುವುದು ಹೇಗೆ?

ಮರುದಿನ ಸಂಜೆ ಹುಡುಗಿಯರ ಓಟ ಇತ್ತು. ಇವಳು ಕ್ಲಾಸಿಗೆ ಹೊರಡಬೇಕಾದವಳು ಸ್ಕೇಟ್ಸ್ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಮೊದಲನೆಯವಳು ಹೊರಟಳು, ಕಾಲನ್ನು ಪಕ್ಕಕ್ಕೆ ಒತ್ತಿ, ಒಂದು ಸ್ಕೀ ಮೇಲೆ ಜಾರಿ, ಮತ್ತೆ ಇನ್ನೊಂದು ಪಕ್ಕಕ್ಕೆ. "ಮಾಮ, ನಮ್ಮ ಮಿಸ್ ಹೇಳಿಕೊಡೋದೂ ಹಿಂಗೇ!" ಎಂದಳು. ಎರಡನೆಯವಳು ಗೆರೆಯ ಹಿಂದೆ ಕೋಲು ಊರಿ ಕಾಯುತ್ತಿದ್ದಳು, ಇವಳು ಬೆರಳು ಮಡಿಸಿ ಸೆಕೆಂಡ್ ಎಣಿಸತೊಡಗಿದಳು.